ಹೆರಿಗೆ ವಾರ್ಡಿನ ಪ್ರಾಣಾಯಾಮ

ಪ್ರಾಣಾಯಾಮವನ್ನು ಕೊಳಲಿನ ಸಂಗೀತ ಹಾಕಿ, ಮೆಲುದನಿಯಲ್ಲಿ, ಮಗುವಿಗೆ ಜೋಗುಳ ಹಾಡಿದಂತೆ ಹೇಳಿಕೊಡುತ್ತಾರೆ ಎಂದು ನಂಬಿದವರು ನಮ್ಮ ಸಿಸ್ಟರಮ್ಮನ ತರಗತಿಗೆ ಒಂದು ದಿನವಾದರೂ ಬರಬೇಕಿತ್ತು. ಮೊಳಕಾಲ್ಮುರಿನ ನೇಕಾರರ ಕೇರಿಯಲ್ಲಿ ಬೆಳಗಾದರೆ ಸಾಕು, ಅವರ ದನಿ ಓಣಿ ದಾಟಿ ಕೇಳುತ್ತಿತ್ತು. "ತಿಣುಕಬ್ಯಾಡ ಅಂದೆ. ಬಾಯಿ ತೆಗಿ. ಉಸಿರು ಬಿಡು. ಇನ್ನೂ ಐತೆ ಒಳಗೆ, ಬಿಡು." ಊರಿಗೆ ಹೊಸಬರಾದವರು ಯಾರೋ ಪಾಪದ ಹೆಂಗಸಿಗೆ ಹೆರಿಗೆ ನೋವು ಬಂದಿದೆ ಎಂದುಕೊಳ್ಳಬೇಕು. ಇಣುಕಿ ನೋಡಿದರೆ ಸಾಲಾಗಿ ಕೂತು ಬೆವರುತ್ತಿದ್ದವರು ಮೀಸೆ ಹೊತ್ತ ನಾವು.

ಅವರ ಹೆಸರು ಪಾರ್ವತಮ್ಮ. ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲೇ ಸರ್ವೀಸು ಮುಗಿಸಿದ ನರ್ಸು. ಊರಿನ ಅರ್ಧ ಜನರನ್ನು ಕಾಲು ಹಿಡಿದೆತ್ತಿ ಮೊದಲ ಅಳು ಅಳಿಸಿದವರು, ನನ್ನನ್ನೂ ಸೇರಿಸಿ. ಯಾರಾದರೂ ಉಮೇದಿನಲ್ಲಿ ಶೀರ್ಷಾಸನ ಹೇಳಿಕೊಡಿ ಎಂದರೆ, "ಹುಟ್ಟಿದಾಗ ಒಂದ್ ಸಲ ತಲೆಕೆಳಗು ಮಾಡೀನಲ್ಲ, ಸಾಕು ಸುಮ್ಕಿರು" ಎನ್ನುತ್ತಿದ್ದರು. ಗಿಡ್ಡ ಆಳು, ತುಂಬಿದ ಮೈ. ಕೈಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟುತ್ತಿದ್ದರು. ನಿವೃತ್ತಿಗೆ ಮುಂಚೆ ಅವರನ್ನು ಚಳ್ಳಕೆರೆಗೆ ಯೋಗದ ತರಬೇತಿಗೆ ಕಳಿಸಿದ್ದರಂತೆ. ಹೋಗಿ ಬಂದು ಹೇಳಿದ್ದು ಇಷ್ಟೇ: ನಾನು ಇಷ್ಟು ವರ್ಷ ಕೂಗಿಕೊಂಡು ಹೇಳಿದ್ದನ್ನೇ ಅವರು ಸಂಸ್ಕೃತದಲ್ಲಿ ಹೇಳುತ್ತಾರೆ. ಮುದುಕಿಯರಿಗಾದರೆ ಅದನ್ನೇ ವಾರ್ಡಿನ ತೆಲುಗಿನಲ್ಲಿ ಹೇಳುತ್ತಿದ್ದರು, "ಊಪಿರಿ ವದುಲು ತಲ್ಲೀ" ಎಂದು. ಉಸಿರು ಬಿಡು ತಾಯಿ ಅಂತ.

ನಾನು ಅವರ ಕೈಗೆ ಎರಡನೇ ಸಲ ಸಿಕ್ಕಿದ್ದು ಮಗ್ಗದ ಮುಂದೆ. ನನ್ನ ಹೆಂಡತಿ ವರಲಕ್ಷ್ಮಿಯ ಬಿಪಿ ನೋಡಲು ಬಂದವರು ಗುಂಡಿ ಮಗ್ಗದ ಪಕ್ಕ ಕೂತು ನನ್ನನ್ನು ಬಹಳ ಹೊತ್ತು ನೋಡಿದರು. ಸೀರೆ ನೋಡುತ್ತಿದ್ದಾರೆ ಎಂದು ನಾನು ಹಿಗ್ಗಿದೆ. ಅವರು ನೋಡುತ್ತಿದ್ದದ್ದು ನನ್ನ ಪಕ್ಕೆಲುಬು. ಬುಟ್ಟಾ ಹಾಕಲು ಎಳೆ ಎತ್ತುವಾಗ ನಾನು ಉಸಿರು ಬಿಗಿಹಿಡಿಯುತ್ತಿದ್ದೆ, ಲಾಳಿ ಆಚೆ ದಾಟುವವರೆಗೂ ಬಿಡುತ್ತಿರಲಿಲ್ಲ. ಅಪ್ಪನೂ ಹಾಗೆಯೇ ನೇಯುತ್ತಿದ್ದ. ಸಂಜೆಯಾದರೆ ಎದೆ ಕಲ್ಲಾಗುವುದು ನೇಕಾರನ ಹಣೆಬರಹ ಎಂದೇ ನಾನು ತಿಳಿದಿದ್ದೆ.

"ಲೇ ಸೀನ, ನಿಮ್ಮ ಜನಕ್ಕೆ ಉಸಿರು ಹಿಡಿಯೋದು ಹುಟ್ಟುಗುಣ. ನಾನು ಅದನ್ನ ಕಲಿಸಲ್ಲ. ಲಾಳಿ ಹೋಗುವಾಗ ಉಸಿರೂ ಹೋಗ್ಲಿ" ಎಂದರು.

ಮಾರನೇ ದಿನದಿಂದ ನಾನು ಅವರ ಚಾಪೆಯ ಮೇಲಿದ್ದೆ, ಹೆಂಗಸರ ಸಾಲಿನಲ್ಲಿ ವರಲಕ್ಷ್ಮಿಯೂ. ಆ ತರಗತಿಯಲ್ಲಿ ಉಸಿರು ಕಟ್ಟುವ ಕುಂಭಕಕ್ಕೆ ಜಾಗವಿರಲಿಲ್ಲ. ಬಿಡುವುದೊಂದೇ. ಕೆಲವು ವಾರಗಳಲ್ಲಿ ನನ್ನ ಎದೆ ಹಗುರಾಯಿತು, ವರಲಕ್ಷ್ಮಿ ಹೇಳುವ ಪ್ರಕಾರ ನನ್ನ ಸಿಡುಕೂ ಕಡಿಮೆಯಾಯಿತು.

ಕಾಲಕ್ಕೆ ತಕ್ಕ ಕೋಲ ಎನ್ನುತ್ತಾರಲ್ಲ, ಅವರ ಯೋಗವೂ ಹಾಗೆಯೇ. ಬೇಸಿಗೆಯಲ್ಲಿ ಬಂಡೆಗುಡ್ಡಗಳು ಕಾಯುವ ಮೊದಲೇ ಅವರ ಮನೆಯ ತಾರಸಿಯ ಮೇಲೆ ಸೇರಿ, ನಾಲಿಗೆಯನ್ನು ಕೊಳವೆ ಮಾಡಿ ತಂಪು ಗಾಳಿ ಎಳೆದುಕೊಳ್ಳುವ ಶೀತಲಿ. ನಮ್ಮ ಓಬಳಪ್ಪ ಮಾವನ ನಾಲಿಗೆ ಏನು ಮಾಡಿದರೂ ಸುರುಳಿಯಾಗದು. ಎರಡು ಬೆರಳಿನಿಂದ ಹಿಡಿದು ಮಡಚಲು ನೋಡಿದ. ಬಿಡಿ, ಹಲ್ಲಿನ ಸಂದಿಯಿಂದ ಎಳೆದುಕೊಳ್ಳಿ, ಅದಕ್ಕೂ ಒಂದು ಹೆಸರಿದೆ ಎಂದರು ಸಿಸ್ಟರಮ್ಮ. ಹಲ್ಲಿನ ಸೆಟ್ಟು ಮನೆಯಲ್ಲಿದೆ ಎಂದ ಮಾವ. ಆವತ್ತು ಶೀತಲಿ ಅಲ್ಲಿಗೇ ಮುಗಿಯಿತು, ನಗು ನಿಂತಿದ್ದರೆ ತಾನೆ ಉಸಿರು ಎಳೆಯುವುದು.

ಆಷಾಢದ ಗಾಳಿ ಶುರುವಾದರೆ ಕಣ್ಣು ಮೂಗು ಎಲ್ಲ ಮಣ್ಣು. ಆಗ ಸಮುದಾಯ ಭವನದ ಕಿಟಕಿ ಹಾಕಿಕೊಂಡು, ಬಾಯಿ ಮುಚ್ಚಿ ದುಂಬಿಯಂತೆ ಗುಂಯ್‌ಗುಡುವ ಭ್ರಾಮರಿ ಒಂದೇ. ಚಳಿಗಾಲದಲ್ಲಿ ಶಾಲೆಯ ಬಯಲಿನಲ್ಲಿ ಪೂರ್ವಕ್ಕೆ ಮುಖ ಮಾಡಿ ಬಿರುಸಿನ ಸೂರ್ಯನಮಸ್ಕಾರ. ಕೂರಲು ಚಳ್ಳಕೆರೆಯ ಕರಿ ಕಂಬಳಿಯೇ ಆಗಬೇಕು. ಪ್ಲಾಸ್ಟಿಕ್ ಚಾಪೆ ತಂದವರನ್ನು ವಾಪಸು ಕಳಿಸುತ್ತಿದ್ದರು. ಇದಲ್ಲದೆ ಪಂಚಾಂಗದಲ್ಲಿಲ್ಲದ ಇನ್ನೊಂದು ಋತು ಅವರ ಲೆಕ್ಕದಲ್ಲಿತ್ತು, ಮದುವೆ ಸೀಸನ್. ರೇಷ್ಮೆ ಸೀರೆಗೆ ಆರ್ಡರಿನ ಮೇಲೆ ಆರ್ಡರು ಬಂದು ನಾವು ಮಗ್ಗದ ಗುಂಡಿಯಿಂದ ಮೇಲೇಳದ ಆ ತಿಂಗಳುಗಳಲ್ಲಿ ಅವರು ಒಂದೇ ಆಸನ ಮಾಡಿಸುತ್ತಿದ್ದರು. ಅಂಗಾತ ಬಿದ್ದುಕೊಳ್ಳುವುದು. ಮೊದಲ ಗೊರಕೆ ಯಾವಾಗಲೂ ನನ್ನದೇ.

ಕೊನೆಯಲ್ಲಿ ಧ್ಯಾನ. ಎಲ್ಲರೂ ಕಣ್ಣು ಮುಚ್ಚಬೇಕು. ಅವರು ಮಾತ್ರ ಮುಚ್ಚುತ್ತಿರಲಿಲ್ಲ. ನಮ್ಮ ಸಾಲುಗಳ ನಡುವೆ ಸದ್ದಿಲ್ಲದೆ ಓಡಾಡುತ್ತ, ಜಾರಿದ ಶಾಲು ಹೊದಿಸುತ್ತ, ವಾಲಿದ ತಲೆ ಎತ್ತಿ ನಿಲ್ಲಿಸುತ್ತ ಇರುತ್ತಿದ್ದರು. ಮೇಷ್ಟ್ರು ಎಂದರೆ ಹಾಗೇ ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ವರಲಕ್ಷ್ಮಿ ಬಿಡುವವಳಲ್ಲ. ಒಂದು ದಿನ ನಮ್ಮ ಮನೆಯಲ್ಲಿ ಟೀ ಕುಡಿಯುವಾಗ ನೇರವಾಗಿ ಕೇಳಿಬಿಟ್ಟಳು. ಎಲ್ಲರೂ ಕಣ್ಣು ಮುಚ್ಚಿದರೆ ಮನೆ ಕಾಯುವವರು ಯಾರು ಎಂದು ಅವರು ತೇಲಿಸಿದರು. ಇವಳು ಲೋಟ ಇಸಿದುಕೊಳ್ಳದೆ ಎದುರಿಗೇ ಕೂತಳು.

ಆಗ ಹೇಳಿದರು. ಸರ್ವೀಸಿಗೆ ಸೇರಿದ ಹೊಸತರಲ್ಲಿ, ವಾರ್ಡಿನಲ್ಲಿ ಒಬ್ಬರೇ ಇದ್ದಾಗ, ಮುಂದಿನವರಿಗೆ ಡ್ಯೂಟಿ ಒಪ್ಪಿಸುವ ಮೊದಲೇ ಕುರ್ಚಿಯಲ್ಲಿ ಒಂದು ಗಳಿಗೆ ಕಣ್ಣು ಮುಚ್ಚಿದ್ದರಂತೆ. ಬಿಟ್ಟು ನೋಡಿದರೆ ಆಗತಾನೆ ಹೆತ್ತ ಹುಡುಗಿಯ ಹಾಸಿಗೆಯೆಲ್ಲ ರಕ್ತ. ಓಡಾಡಿ, ಡಾಕ್ಟರನ್ನು ಕರೆತಂದು, ಉಳಿಸಿಕೊಂಡರು.

"ಬದುಕಿದ್ಲು. ರಾಂಪುರದಾಗೆ ಮೊಮ್ಮಕ್ಳನ್ನ ಎತ್ಕೊಂಡು ಚೆನ್ನಾಗೈದಾಳೆ. ಆದ್ರೂ ನಾನು ಧ್ಯಾನಕ್ಕೆ ಕಣ್ಣು ಮುಚ್ಚಿದ್ರೆ ಸಾಕು, ಎದೆ ಡವಡವ ಅಂತೈತೆ. ಒಂದ್ ಸಲ ನಿಮ್ಮಂಗೆ ಕುಂತು ಏಳ್ಬೇಕಮ್ಮ. ಇನ್ನೇನೂ ಆಸೆ ಇಲ್ಲ ನಂಗೆ."

ನಮಗೆಲ್ಲ ನೆಮ್ಮದಿ ಹಂಚುವ ಹೆಂಗಸಿಗೆ ಅದು ಒಂದು ಚಿಟಿಕೆಯೂ ಉಳಿದಿಲ್ಲವಲ್ಲ ಎಂದು ನನಗೆ ಬಹಳ ನೋವಾಯಿತು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬರೇ ಪ್ರಯತ್ನ ಮಾಡಿ ಎಂದೆ. ಮಾಡಿದರು, ಇನ್ನೂ ಕಷ್ಟವಾಯಿತಂತೆ. ದೀಪ ನೋಡುತ್ತ ಕೂತರು, ಜಪ ಮಾಡಿದರು. ರೆಪ್ಪೆ ಕೂಡಿತೋ ಇಲ್ಲವೋ ಎದ್ದು ನಿಂತಿರುತ್ತಿದ್ದರು. ಹಾಗೇ ವರ್ಷಗಳು ಕಳೆದವು. ನಾವು ಮುಚ್ಚುತ್ತಿದ್ದೆವು, ಅವರು ಕಾಯುತ್ತಿದ್ದರು.

ಸಿಸ್ಟರಮ್ಮನ ಮಂಡಿ ಪೂರ್ತಿ ಸವೆದ ಮೇಲೆ ಚಳ್ಳಕೆರೆಯಲ್ಲಿದ್ದ ಅವರ ತಂಗಿ, ನಮ್ಮ ಮನೆಗೇ ಬಂದುಬಿಡು ಎಂದು ಪಟ್ಟು ಹಿಡಿದರು. ಅಲ್ಲಿ ಇನ್ನೂ ಕೆಲವು ವರ್ಷ ಇದ್ದು, ಯಾರಿಗೂ ತೊಂದರೆ ಕೊಡದೆ ಹೋದರು. ನಾನು ಅವರನ್ನು ಕಡೆಯ ಸಲ ನೋಡಿದ್ದು ಊರು ಬಿಟ್ಟ ದಿನ ಬೆಳಗ್ಗೆ, ಶಾಲೆಯ ಬಯಲಿನಲ್ಲಿ. ಚಳಿ ಜೋರಿತ್ತು. ಸಾಮಾನು ತುಂಬಿದ ಟೆಂಪೊ ಗೇಟಿನ ಹತ್ತಿರ ನಿಂತಿತ್ತು. ಬರಬೇಡಿ ಎಂದು ನಾವು ಹೇಳಿದ್ದರೂ ಕೋಲೂರಿಕೊಂಡು ಬಂದು, ಕುರ್ಚಿಯ ಮೇಲೆ ಕೂತೇ ಎಲ್ಲರನ್ನೂ ಬೈದು ಸೂರ್ಯನಮಸ್ಕಾರ ಹಾಕಿಸಿದರು.

ಧ್ಯಾನದ ಹೊತ್ತಿಗೆ ನಾನು ಎದ್ದು ಅವರ ಮುಂದೆ ನಿಂತೆ. ಹಿಂದಿನ ದಿನವೆಲ್ಲ ಮಗ್ಗದಲ್ಲಿ ಕೂತು ಯೋಚಿಸಿದ್ದೆ. ಅವತ್ತು ವಾರ್ಡಿನಲ್ಲಿ ಅವರು ಡ್ಯೂಟಿ ಒಪ್ಪಿಸದೆ ಕಣ್ಣು ಮುಚ್ಚಿದ್ದರು. ನಿವೃತ್ತಿಯ ಮೇಲೆ, ನಮ್ಮನ್ನು ಕಾಯುವ ಈ ಡ್ಯೂಟಿಯನ್ನು ಒಪ್ಪಿಸಿಕೊಳ್ಳಲು ಯಾರೂ ಬಂದಿರಲಿಲ್ಲ.

"ಸಿಸ್ಟರಮ್ಮ, ನಾನು ಡ್ಯೂಟಿಗೆ ಬಂದೀನಿ. ಒಪ್ಪಿಸ್ರಿ" ಎಂದೆ.

ಅವರು ನಗಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನೀನು ಮೊದಲೇ ಗೊರಕೆಯ ಗಿರಾಕಿ ಎಂದರು. ನಿಂತೇ ಇರುತ್ತೇನೆ ಎಂದೆ. ಮಣಿಕಟ್ಟು ತಿರುಗಿಸಿ ಗಡಿಯಾರ ನೋಡಿಕೊಂಡು, ವಾರ್ಡಿನ ದನಿಯಲ್ಲಿ, ಒಬ್ಬೊಬ್ಬರನ್ನೇ ತೋರಿಸುತ್ತ ಒಪ್ಪಿಸತೊಡಗಿದರು. ಓಬಳಪ್ಪನಿಗೆ ಬಿಪಿ, ತಲೆ ಮುಂದಕ್ಕೆ ವಾಲಲು ಬಿಡಬೇಡ. ವರಲಕ್ಷ್ಮಿಗೆ ಎಡಗಾಲು ಜೋಮು ಹಿಡಿಯುತ್ತದೆ, ಕೇಳದೇ ಕಾಲು ಬಿಡಿಸು. ಆ ಮೂಲೆಯ ಹುಡುಗಿ ಒಂದೊಂದು ದಿನ ಕಣ್ಣೀರು ಹಾಕುತ್ತಾಳೆ, ಮಾತಾಡಿಸಬೇಡ, ಹತ್ತಿರ ನಿಂತಿರು ಸಾಕು. ಯಾರನ್ನೂ ಬಿಡಲಿಲ್ಲ. ನಾನು ಹೂಂಗುಟ್ಟುತ್ತ ಹೋದೆ. ಇಷ್ಟು ವರ್ಷ ಪಕ್ಕದಲ್ಲಿ ಕೂತವರ ಬಗ್ಗೆ ನನಗೆ ಇದ್ಯಾವುದೂ ಗೊತ್ತಿರಲಿಲ್ಲ.

ಎಲ್ಲ ಒಪ್ಪಿಸಿ ಮುಗಿದ ಮೇಲೆ ಕಣ್ಣು ಮುಚ್ಚಿದರು. ತಕ್ಷಣ ಒಂದು ಕಣ್ಣು ಬಿಟ್ಟು ನೋಡಿದರು. ನಿಂತಿದ್ದೆ. ಮತ್ತೊಮ್ಮೆ ನೋಡಿದರು. ಓಬಳಪ್ಪ ಮಾವನ ತಲೆ ಎತ್ತಿ ಹಿಡಿದಿದ್ದೆ. ಆಮೇಲೆ ನೋಡಲಿಲ್ಲ. ಟೆಂಪೊದವನು ಹಾರನ್ ಒತ್ತಲು ಕೈ ಹಾಕಿದ್ದನ್ನು ಕಂಡು ಸನ್ನೆ ಮಾಡಿ ತಡೆದೆ. ಬಿಸಿಲು ಅವರ ಪಾದದಿಂದ ಮಡಿಲಿಗೆ ಏರಿತು. ಕೇರಿಯ ಮಗ್ಗಗಳು ಸದ್ದು ಮಾಡತೊಡಗಿದವು. ಎಲ್ಲರೂ ಕಣ್ಣು ಬಿಟ್ಟು ಅವರನ್ನೇ ನೋಡುತ್ತ ಕೂತಿದ್ದರು, ಒಬ್ಬರೂ ಏಳಲಿಲ್ಲ.

ಕಣ್ಣು ಬಿಟ್ಟಾಗ ಮೊದಲು ಕೇಳಿದ್ದು, "ಎಲ್ಲಾರೂ ಐದೀರೇನು?"

"ಎಲ್ಲಾರೂ ಐದೀವಮ್ಮ" ಎಂದಳು ವರಲಕ್ಷ್ಮಿ.

ಕೈ ಹಿಡಿದು ಟೆಂಪೊ ಹತ್ತಿಸಿದೆ. ಡ್ಯೂಟಿ ವಾಪಸ್ ತಗೊಳ್ಳಲ್ವೇನ್ರಿ ಎಂದು ತಮಾಷೆ ಮಾಡಿದೆ.

"ಬ್ಯಾಡ ಕಣೋ ಸೀನ, ನಿನ್ ಹತ್ರಾನೇ ಇರ್ಲಿ" ಎಂದರು. ಟೆಂಪೊ ಚಳ್ಳಕೆರೆ ರಸ್ತೆಗೆ ತಿರುಗುವ ಮೊದಲೇ ಸೀಟಿಗೆ ಒರಗಿ ಕಣ್ಣು ಮುಚ್ಚಿದ್ದರು.