ಅಕ್ಕ ಹೇಳಿದ ‘ಬ’

ಸಿಂಧನೂರಿನ ಬಸ್‌ಸ್ಟ್ಯಾಂಡ್ ಹಿಂದೆ ರೇಡಿಯೊ ರಿಪೇರಿ ಮಾಡುತ್ತಿದ್ದ ಪಕೀರಪ್ಪನಿಗೆ ಕೈ ಸುಮ್ಮನಿದ್ದರೆ ತಿಂದ ಅನ್ನ ಅರಗುತ್ತಿರಲಿಲ್ಲ. ಕೆಟ್ಟ ರೇಡಿಯೊ ತಂದವರನ್ನು ಅವನು ಮೊದಲು ಕೇಳುತ್ತಿದ್ದುದೇ, “ಮನ್ಯಾಗ ಇದನ್ನ ಯಾರು ಹಚ್ತಾರ್ರೀ?” ಎಂದು. ಕಣ್ಣು ಮಂಜಾದ ಮುದುಕ ಎಂದರೆ, ಸ್ಟೇಷನ್ ಸಿಗುವ ಜಾಗದಲ್ಲಿ ಬೆರಳಿಗೆ ತಾಕುವಂತೆ ಒಂದು ಹನಿ ಬೆಸುಗೆ ಇಟ್ಟು ಕೊಡುತ್ತಿದ್ದ. ಲಿಂಗಸೂಗೂರು, ಮಸ್ಕಿಯಿಂದಲೂ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಇಂಥ ಜಾಣನಿಗೆ ಸ್ವಂತ ಅಕ್ಕನ ಮನಸ್ಸು ತಿಳಿಯಲಿಲ್ಲ. ಜಾಣರನ್ನು ನಂಬಿದರೆ ಹೀಗೇ ಆಗುವುದು.

ಅಕ್ಕ ಕರೆಮ್ಮ ಪಾಮನಕಲ್ಲೂರಿನಲ್ಲಿ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿ ಹನ್ನೆರಡು ವರ್ಷವಾಗಿತ್ತು. ತೊಂಬತ್ತೊಂದನೆಯ ಇಸವಿಯಲ್ಲಿ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಮಾತಿನ ಮೊದಲ ಅಕ್ಷರವಷ್ಟೇ ಬಾಯಿಗೆ ಬರುತ್ತಿತ್ತು. ಅದೂ ಸೊಟ್ಟ ತುಟಿಯಲ್ಲಿ ಬ, ಬಾ, ಬಿ ಎಲ್ಲ ಒಂದೇ ಆಗಿ ಕೇಳುತ್ತಿದ್ದವು.

ಮನೆ ಅಂಗಡಿಯ ಹಿಂದೆಯೇ ಇತ್ತು. ಹೆಂಡತಿ ಆದಮ್ಮ ಬೆಳಗಾಗುತ್ತಲೇ ಟ್ರ್ಯಾಕ್ಟರ್ ಹತ್ತಿ ಜವಳಗೇರಾಕ್ಕೆ ನೆಲ್ಲು ನಾಟಿಗೆ ಹೋದರೆ ತಿರುಗಿ ಬರುವುದು ದೀಪ ಹಚ್ಚುವ ಹೊತ್ತಿಗೆ. ಅಂಗಡಿಯಲ್ಲಿ ನಾಲ್ಕು ರೇಡಿಯೊ ಒಟ್ಟಿಗೆ ಒದರುವಾಗ ಅಕ್ಕನ ದನಿ ಎಲ್ಲಿ ಕೇಳಬೇಕು? ಪಕೀರಪ್ಪ ಗಳಿಗೆಗೊಮ್ಮೆ ಎದ್ದು ಒಳಗೆ ಹಣಿಕಿ ಬರುತ್ತಿದ್ದ. ಅದು ಸಾಲದೆನಿಸಿ ಒಂದು ಉಪಾಯ ಹೂಡಿದ. ಪ್ಲಾಸ್ಟಿಕ್ ಪೈಪನ್ನು ಉಂಗುರದಂತೆ ಕೊಯ್ದು, ಅದಕ್ಕೆ ಹಳೆಯ ಟೇಪ್‌ರೆಕಾರ್ಡರಿನ ಗುಂಡಿ ಕೂರಿಸಿ, ಅಲ್ಲಿಂದ ಅಂಗಡಿಗೆ ವೈರ್ ಎಳೆದು, ಅಕ್ಕನ ಬಲ ಮಣಿಕಟ್ಟಿಗೆ ತೊಡಿಸಿದ. ಎಡಗೈಯಿಂದ ಒತ್ತಿದರೆ ಅಂಗಡಿಯಲ್ಲಿ ಅವನ ತಲೆಯ ಮೇಲೆಯೇ ಬೆಲ್ ಹೊಡೆದುಕೊಳ್ಳುತ್ತಿತ್ತು.

ಕರೆಮ್ಮ ಅದನ್ನು ನೋಡಿದಳು. “ಬ,” ಎಂದಳು. ಎಡಗೈಯಿಂದ ಕಿತ್ತು ಮಂಚದ ಕಾಲಿಗೆ ಸಿಗಿಸಿದಳು.

“ಬಿಗಿ ಆತೇನಬೇ?” ಎಂದು ಅವನು ಸಡಿಲ ಮಾಡಿದ. ಮರುದಿನವೂ “ಬ”, ಮರುದಿನವೂ ಮಂಚದ ಕಾಲು. ಬಿರುಸಾಯಿತೇನೋ ಎಂದು ಅಂಚನ್ನು ಅರದಿಂದ ತಿಕ್ಕಿ ನುಣುಪು ಮಾಡಿದ. ಮೂರನೆಯ ದಿನ ಅವನಿಗೆ ಥಟ್ಟನೆ ಹೊಳೆಯಿತು: ಬಣ್ಣ! ಅಕ್ಕ ಬಣ್ಣ ಕೇಳುತ್ತಿದ್ದಾಳೆ! ವೈರಿಗೆ ಸುತ್ತುವ ಹಸಿರು ಟೇಪನ್ನು ಉಂಗುರದ ಸುತ್ತ ಒಪ್ಪವಾಗಿ ಸುತ್ತಿದ. ಕರೆಮ್ಮ ಕಣ್ಣು ಮುಚ್ಚಿಕೊಂಡಳು. ಒಪ್ಪಿದಳೆಂದು ತಿಳಿದು ಅವನು ಹಿಗ್ಗಿದ.

ಬೆಲ್ ಇದೆಯೆಂಬ ಭರವಸೆಯಲ್ಲಿ ನಾಲ್ಕನೆಯ ದಿನ ಒಳಗೆ ಹಣಿಕಿ ನೋಡುವುದನ್ನೇ ಬಿಟ್ಟ. ಬೇಕಾದರೆ ಒತ್ತುತ್ತಾಳೆ, ಒತ್ತಲಿಲ್ಲವೆಂದರೆ ಮಲಗಿದ್ದಾಳೆ ಎಂಬ ಲೆಕ್ಕ ಅವನದು. ಸಂಜೆ ಆದಮ್ಮ ಚೀರಿದಾಗಲೇ ಎದ್ದು ಓಡಿದ. ನೀರಿಗೆಂದು ಕೈಚಾಚಿದ ಕರೆಮ್ಮ ಮಂಚದಿಂದ ಬಿದ್ದು, ಎಡಗೈ ಮೈಯಡಿ ಸಿಕ್ಕಿ, ಮಧ್ಯಾಹ್ನದಿಂದ ನೆಲದ ಮೇಲೆಯೇ ಇದ್ದಳು. ಉಂಗುರ ಮಂಚದ ಕಾಲಿನಲ್ಲಿತ್ತು.

ಆದಮ್ಮ ಅದನ್ನು ಕಂಡದ್ದು ಆಗಲೇ. “ಇದನ್ನ ಯಾರು ಹಾಕಿದ್ರಿ?”

“ನಾನ, ಅಕ್ಕನ ಕೈಗೆ ಹಾಕಿದ್ದೆ. ‘ಬ’ ಅಂದ್ಳು, ಬಣ್ಣ ಕೇಳಿದ್ಳು.”

“ಬಣ್ಣ ಅಲ್ರೀ, ಬಳಿ ಅಂದಾಳ! ಗಂಡ ಸತ್ತಾಕಿ ಕೈಗೆ ಹಸರ ಬಳಿ ಹಾಕೀರಲ್ರೀ!”

ಗಂಡ ಸತ್ತು ಅಕ್ಕನ ಬಳೆ ಒಡೆದ ದಿನ ಪಕೀರಪ್ಪ ಪಾಮನಕಲ್ಲೂರಿನ ಆ ಅಂಗಳದಲ್ಲೇ ನಿಂತಿದ್ದ. ಮಾಡುವಾಗ ಅವನ ಕಣ್ಣಿಗೆ ಕಂಡದ್ದು ಗುಂಡಿ ಮಾತ್ರ, ಕೈ ಕಂಡಿರಲಿಲ್ಲ. ಊರವರನ್ನೆಲ್ಲ ‘ಯಾರು ಹಚ್ತಾರ್ರೀ’ ಎಂದು ಕೇಳುವವನು ತನ್ನನ್ನು ತಾನು ಅದನ್ನು ಕೇಳಿಕೊಂಡಿರಲಿಲ್ಲ. ಅಕ್ಕನ ಮುಖ ನೋಡಲಾಗದೆ ಗೋಡೆಗೆ ಮುಖ ಮಾಡಿ ಅತ್ತ.

ಅವನ ತೋಳಿನಲ್ಲಿ ಒಂದು ತಾಯತವಿತ್ತು. ಮಗುವಾಗಿದ್ದಾಗ ಜ್ವರ ಬಿಡದಿದ್ದಕ್ಕೆ ಅಕ್ಕನೇ ಅವನನ್ನು ಸೊಂಟದಲ್ಲಿ ಹೊತ್ತೊಯ್ದು ದರ್ಗಾದಲ್ಲಿ ಕಟ್ಟಿಸಿದ್ದು. ತಾಯತಕ್ಕೆ ಮುತ್ತೈದೆ, ವಿಧವೆ ಎಂಬ ಭೇದವಿಲ್ಲ. ಅದೇ ಅಳತೆಯ ತಗಡಿನ ಡಬ್ಬಿಯಲ್ಲಿ ಗುಂಡಿ ಕೂರಿಸಿ, ಕರಿದಾರ ಪೋಣಿಸಿ ಅಕ್ಕನ ಬಲತೋಳಿಗೆ ಕಟ್ಟಿದ. ಕರೆಮ್ಮ ಈ ಸಲ ಕಣ್ಣು ಮುಚ್ಚಲಿಲ್ಲ. ಅರ್ಧ ಮುಖದಲ್ಲಿ ನಕ್ಕಳು.

ಆದರೆ ಒತ್ತಬೇಕೆಂದರೆ, ಅಂದು ಬಿದ್ದಾಗ ಮುರಿದ ಎಡ ಮಣಿಕಟ್ಟು ಕೂಡಬೇಕಿತ್ತು. ಎರಡು ತಿಂಗಳಿಗೆ ಡಾಕ್ಟರು ಕಟ್ಟು ಬಿಚ್ಚಿದರು; ಬೆರಳು ಮಡಚಲು ಬರಲಿಲ್ಲ, ಕೈ ಏಳಲಿಲ್ಲ. ಒತ್ತುವ ಕೈಯೇ ಇಲ್ಲದ ಮೇಲೆ ಆ ಗುಂಡಿ ಎಷ್ಟು ಚೆನ್ನಾಗಿದ್ದು ಏನು ಬಂತು?

ಪಕೀರಪ್ಪ ಮತ್ತೆ ಗಳಿಗೆಗೊಮ್ಮೆ ಏಳತೊಡಗಿದ. ಅಂಗಡಿ ಮುಚ್ಚಿ ಬಂದವನು ದಿನವೂ ಅಕ್ಕನ ಪಕ್ಕ ಕೂತು ಆ ತಾಯತವನ್ನು ತಾನೇ ಒತ್ತುತ್ತಿದ್ದ. ಅತ್ತ ಯಾರೂ ಇಲ್ಲದ ಅಂಗಡಿಯಲ್ಲಿ ಬೆಲ್ ಹೊಡೆದುಕೊಳ್ಳುತ್ತಿತ್ತು.

“ಬ,” ಎನ್ನುತ್ತಿದ್ದಳು ಕರೆಮ್ಮ.

“ಬಂದೀನಬೇ ಯಕ್ಕಾ,” ಎನ್ನುತ್ತಿದ್ದ ಅವನು.