ವರ್ಷಕ್ಕೊಮ್ಮೆ ಬರುವ ದೊಡ್ಡಪ್ಪ

ಚಿಕ್ಕೋಡಿಯಲ್ಲಿ ನಾನು ನೋಡಿಕೊಳ್ಳುತ್ತಿದ್ದ ಬಾಲಕಿಯರ ಮಂದಿರದಲ್ಲಿ ಇಬ್ಬರನ್ನು ಬಿಟ್ಟರೆ ಉಳಿದವರು ಯಾರೂ ಅನಾಥರಲ್ಲ. ಆ ಉಳಿದವರ ಮನೆಯವರೆಲ್ಲ ಎಲ್ಲೋ ಬದುಕಿದ್ದರು. ಕೆಲವರ ಮನೆಯವರು ಬಹಳ ಚೆನ್ನಾಗಿ ಬದುಕಿದ್ದರು.

ಶೇಡಬಾಳ ಕಡೆಯ ಒಂದು ಹುಡುಗಿ ಮೂರು ವರ್ಷದವಳಿದ್ದಾಗ ಬಂದಳು. ಅಪ್ಪ ತೀರಿಹೋಗಿದ್ದ. ಅವ್ವನಿಗೆ ಮಿರಜ ಕಡೆ ಉಡಕಿ ಮಾಡಿ ಎರಡನೆಯ ಗಂಡನ ಮನೆಗೆ ಕಳಿಸಿದ್ದರು. ಉಡಕಿಯಾದವಳು ಮೊದಲ ಗಂಡನ ಕೂಸನ್ನು ಒಯ್ಯಬಾರದು, ಅದು ಮನೆತನದ್ದು ಎಂದು ಹಿರಿಯರು ಹೇಳಿದರು. ಹಾಗೆ ಹೇಳಿ ಉಳಿಸಿಕೊಂಡ ಕೂಸನ್ನು ಆ ಮನೆತನ ಆರೇ ತಿಂಗಳಲ್ಲಿ ನಮ್ಮಲ್ಲಿಗೆ ತಂದು ಬಿಟ್ಟಿತು.

ಯಾರೂ ನೋಡಲು ಬಾರದಿದ್ದರೆ ಮಕ್ಕಳ ಕಲ್ಯಾಣ ಸಮಿತಿಯವರು ಅಂಥ ಮಗುವನ್ನು ದತ್ತಕದ ಪಟ್ಟಿಗೆ ಸೇರಿಸುತ್ತಾರೆ. ಯಾರಾದರೂ ಬಂದರೆ, ಕರೆದೊಯ್ಯದಿದ್ದರೂ, ಸೇರಿಸುವುದಿಲ್ಲ. ಅವಳ ದೊಡ್ಡಪ್ಪನಿಗೆ ಇದು ಗೊತ್ತಿತ್ತು. ಅವಳನ್ನು ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಿದರೆ ಸತ್ತ ತಮ್ಮನ ಪಾಲಿನ ದ್ರಾಕ್ಷಿ ತೋಟ ಯಾರದೆಂಬ ಮಾತು ಏಳುತ್ತದೆ ಎಂಬ ಹೆದರಿಕೆ ಅವನಿಗೆ. ಆದ್ದರಿಂದ ವರ್ಷಕ್ಕೊಮ್ಮೆ, ಸಮಿತಿಯವರು ಬರುವ ದಿನವೇ, ಒಂದು ಬಾಕ್ಸ್ ದ್ರಾಕ್ಷಿ ಹಿಡಿದು ಬರುತ್ತಿದ್ದ. ಭೇಟಿಯ ವಹಿಯಲ್ಲಿ ಸಹಿ ಮಾಡುತ್ತಿದ್ದ. ಪೆನ್ನು ಕೊಡುತ್ತಿದ್ದವಳು ನಾನೇ.

ಅವಳಿಗೆ ಏಳು ತುಂಬಿದ ವರ್ಷವೂ ಬಂದ. ಹುಡುಗಿಯರು ಅಂಗಳದಲ್ಲಿ ಸಾಲಾಗಿ ನಿಂತಿದ್ದರು. ಅವನು ನೇರವಾಗಿ ಹೋಗಿ ರಾಯಬಾಗದ ಹುಡುಗಿಯೊಬ್ಬಳ ತಲೆ ಸವರಿದ.

"ಎಷ್ಟ್ ದೊಡ್ಡಾಕಿ ಆಗೀಯವಾ. ಥೇಟ್ ನಮ್ಮ ತಮ್ಮನ ಮಾರಿ."

ಆ ಹುಡುಗಿ ತಲೆ ಎತ್ತಿ ನೋಡಿ, "ನಾ ಆಕಿ ಅಲ್ರಿ ಕಾಕಾ. ಆಕಿ ಅಲ್ಲಿ ನಿಂತಾಳ" ಅಂದಳು. ಎರಡು ಮೂರು ಮಕ್ಕಳು ನಕ್ಕರು. ನಮ್ಮವಳು ನಗಲಿಲ್ಲ.

ಒಳಗೆ ಹೋಗಿ ಸಮಿತಿಯ ಹಿರಿಯರಿಗೆ ಕಂಡದ್ದನ್ನು ಕಂಡಂತೆ ಹೇಳಿದೆ. ಅವರು ನನ್ನ ಹಿಂದೆಯೇ ಒಳಬಂದಿದ್ದ ಅವನ ಕಡೆ ತಿರುಗಿದರು.

"ಹೌದೇನ್ರಿ? ಗುರ್ತ ಸಿಗಲಿಲ್ಲಂತ?"

"ಹೆಣ್ ಹುಡುಗ್ಯಾರು ಬೆಳೀತಾವ್ರಿ ಸಾಹೇಬ್ರ. ನನಗೂ ಚಷ್ಮಾ ಬಂದೈತಿ."

"ಯಾವಾಗ ಒಯ್ತೀರಿ ಆಕೀನ್ನ?"

"ಚಾಟಣಿ ಒಂದ್ ಮುಗೀಲ್ರಿ."

"ಹ್ವಾದ್ ವರ್ಷಾನೂ ಬಳ್ಳಿ ಕತ್ತರಸೂದ ಹೇಳಿದ್ರಿ."

"ಬಳ್ಳಿ ವರ್ಷಾ ಬೆಳೀತೈತಲ್ರಿ."

"ಹಂಗಾದ್ರ ಬಿಟ್ ಬರಕೊಡ್ರಿ. ಯಾರರೆ ಸಾಕ್ತಾರ."

ಅವನ ದನಿಗೆ ಒಮ್ಮೆಲೆ ಮರ್ಯಾದೆ ಬಂತು. "ನಮ್ಮ ರಗತ ಮಂದಿ ಮನ್ಯಾಗ ಬೆಳೀಬೇಕೇನ್ರಿ? ಖಾನದಾನ ಐತಿ ನಮ್ದು."

ಹಿರಿಯರು ತಲೆಯಾಡಿಸಿದರು. ಅವರು ಕೆಟ್ಟವರಲ್ಲ, ಮಧ್ಯಾಹ್ನ ಅಥಣಿಗೆ ಹೋಗುವವರಿದ್ದರು. "ಕುಟುಂಬದ ಸಂಪರ್ಕವಿದೆ. ಮುಂದಿನ ವರ್ಷ ಪರಿಶೀಲಿಸುವುದು" ಎಂದು ಬರೆದರು. ಕೂಸಿನ ಮುಖ ಅರಿಯದವನ ಒಂದು ಸಹಿ ಸಂಪರ್ಕವೆನಿಸಿತು. ಏಳು ದಾಟಿದವರನ್ನು ದತ್ತಕಕ್ಕೆ ಕೇಳಿಕೊಂಡು ಬರುವವರು ಕಡಿಮೆ, ವರ್ಷ ಕಳೆದಂತೆ ಇನ್ನೂ ಕಡಿಮೆ ಎಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬಡತನಕ್ಕೆ ಮಗುವನ್ನು ಬಿಟ್ಟು ಅಳುತ್ತ ಹೋದ ತಾಯಂದಿರನ್ನು ಕಂಡಿದ್ದೇನೆ. ಅವರ ಬಗ್ಗೆ ನನಗೆ ಮಾತಿಲ್ಲ. ಇವನಂಥವರು ಸಾಕುವುದೂ ಇಲ್ಲ, ಬಿಡುವುದೂ ಇಲ್ಲ. ಅದಕ್ಕೆ ಖಾನದಾನ ಎಂದು ಹೆಸರಿಟ್ಟುಕೊಳ್ಳುತ್ತಾರೆ.

ಅವನು ಹೋದ ಮೇಲೆ ಹುಡುಗಿ ನನ್ನ ಬಳಿ ಬಂದಳು.

"ಅಕ್ಕಾರ, ತಪ್ಪ ನಂದರಿ. ನಾ ಹಿಂದ ನಿಂತಿದ್ನಿ. ಮುಂದಿನ ಸಲ ಮುಂದ ನಿಂದರ್ತೀನಿ."