ಪಂಪು ಅಂದಿದ್ದು ಸಿದ್ದಣ್ಣ

ಸಿದ್ದಣ್ಣನ ಕಿವಿ ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ಅವನನ್ನು ನಂಬಿಸಿದವನು ನಾನು. ರಾಮನಗರದಲ್ಲಿ ನಮ್ಮ ಗ್ಯಾರೇಜನ್ನು ಬಲ್ಲವರು ಇಷ್ಟು ವರ್ಷ ಬೇರೆಯದೇ ಕಥೆ ಕೇಳಿಕೊಂಡು ಬಂದಿದ್ದಾರೆ — ಅದನ್ನು ಹಬ್ಬಿಸಿದವನೂ ನಾನೇ.

ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವನು ಅವನು. ಆಮೇಲೆ ಇಬ್ಬರೂ ಸೇರಿ ಮಾಗಡಿ ರಸ್ತೆಯಲ್ಲಿ ಗ್ಯಾರೇಜು ಇಟ್ಟೆವು. ಸಿದ್ದಣ್ಣ ಬಾನೆಟ್ ಎತ್ತುವ ಮುಂಚೆಯೇ ಸದ್ದು ಕೇಳಿ ಕಾಯಿಲೆ ಹೇಳುತ್ತಿದ್ದ. ಅಷ್ಟರಲ್ಲಿ ಕಂಪ್ಯೂಟರ್ ಇರುವ ಕಾರುಗಳು ಒಂದೊಂದಾಗಿ ಬರತೊಡಗಿದವು. ನಾನು ಬೆಂಗಳೂರಿನಲ್ಲಿ ನಾಲ್ಕು ದಿನ ತರಬೇತಿ ಪಡೆದು, ಹಠ ಮಾಡಿ ಸ್ಕ್ಯಾನರ್ ತಂದೆ. ಸ್ಟೇರಿಂಗ್ ಕೆಳಗೆ ವೈರು ಸಿಕ್ಕಿಸಿದರೆ ಕಾರೇ ತನ್ನ ತೊಂದರೆ ಹೇಳುತ್ತದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ — ಪಂಕ್ಚರ್ ಆದ ಗಾಡಿಗೂ ನಾನು ಅದನ್ನು ಸಿಕ್ಕಿಸುತ್ತಿದ್ದೆ.

ಒಂದು ದಿನ ರೇಷ್ಮೆ ವ್ಯಾಪಾರಿಯೊಬ್ಬರ ಕಾರು ಬಂತು. ದಿಣ್ಣೆ ಹತ್ತುವಾಗ ಜಗ್ಗುತ್ತಿತ್ತು. ಸಿದ್ದಣ್ಣ ಪೆಟ್ರೋಲ್ ಟ್ಯಾಂಕಿನ ಮೇಲಿರುವ ಹಿಂದಿನ ಸೀಟಿಗೆ ಕಿವಿಯಿಟ್ಟು, "ಟ್ಯಾಂಕ್ ಒಳಗಿನ ಪಂಪು ಸೋತೈತೆ ಕಣ್ಲಾ" ಅಂದ. ನನ್ನ ಸ್ಕ್ಯಾನರ್ ಸೆನ್ಸರ್ ಕೆಟ್ಟಿದೆ ಎಂದಿತು. ವ್ಯಾಪಾರಿ ಕಂಪ್ಯೂಟರನ್ನೇ ನಂಬಿದರು.

ಸೆನ್ಸರ್ ಬದಲಾಯಿಸಿ ಒಬ್ಬನೇ ಓಡಿಸಿ ನೋಡಿದೆ. ಕಾರು ಮೊದಲಿನಂತೆಯೇ ಜಗ್ಗಿತು. ಮರುದಿನ ಸಿದ್ದಣ್ಣ ಚನ್ನಪಟ್ಟಣಕ್ಕೆ ಮದುವೆಗೆ ಹೋಗಿದ್ದಾಗ ಸೀಟು ಕಿತ್ತು ಪಂಪು ಬದಲಾಯಿಸಿದೆ — ದಿಣ್ಣೆ ಸಲೀಸಾಗಿ ಹತ್ತಿತು. ಹಳೆಯ ಪಂಪನ್ನು ಗುಜರಿ ಮೂಟೆಯ ತಳಕ್ಕೆ ತುರುಕಿದೆ.

ಸಂಜೆ ಅವನು ಮದುವೆ ಪಂಚೆಯಲ್ಲೇ ನೇರ ಗ್ಯಾರೇಜಿಗೆ ಬಂದ.

"ಪಂಪಲ್ವೇನ್ಲಾ?"

"ಅಲ್ಲ ಕಣಣ್ಣ. ಸೆನ್ಸರೇ."

"ಹಂಗಾರೆ ನನ್ ಕಿವಿ ಹೋಯ್ತು ಬುಡು."

ಆಗಲೇ ಹೇಳಬಹುದಿತ್ತು. ಹೆದರಿದ್ದೆ ಎಂದರೆ ಸುಳ್ಳಾಗುತ್ತದೆ. ಗೆದ್ದ ಖುಷಿಯಲ್ಲಿದ್ದೆ.

ಅಂದಿನಿಂದ ಅವನು ಯಾವ ಕಾರಿನ ಬಗ್ಗೆಯೂ ಬಾಯಿ ಬಿಡಲಿಲ್ಲ. ನಾನು ತೋರಿಸಿದ ನಟ್ಟು ಬಿಚ್ಚುತ್ತಿದ್ದ, ಅಷ್ಟೇ. ವರ್ಷ ತುಂಬುವ ಮೊದಲೇ ಅಕ್ಕೂರಿಗೆ, ತನ್ನ ಹಿಪ್ಪುನೇರಳೆ ತೋಟಕ್ಕೆ ಹೊರಟುಹೋದ. ಕೇಳಿದವರಿಗೆಲ್ಲ, ಕಿವಿ ಹೋಯಿತು, ಅದಕ್ಕೇ ಕೆಲಸ ಬಿಟ್ಟ ಎಂದು ಹೇಳಿದೆ. ಗ್ಯಾರೇಜಿನಲ್ಲಿ ಅವನ ಜಾಗದಲ್ಲಿ ನಾನು ಇನ್ನೊಂದು ಸ್ಕ್ಯಾನರ್ ಇಟ್ಟೆ.

ಕಳೆದ ವಾರ ಸೊಪ್ಪು ಸಾಗಿಸುವ ಹಳೆಯ ಡೀಸೆಲ್ ಜೀಪಿನಲ್ಲಿ ಬಂದಿದ್ದ. "ಇದ್ಕೆ ನಿನ್ ಮಿಷನ್ನು ಆಗಕಿಲ್ಲ, ಗೊತ್ತು. ನೀನೇ ಒಸಿ ಕೇಳ್ನೋಡ್ಲಾ. ನಂಗೆ ಡೈನಮೊ ಬೇರಿಂಗು ಅನ್ನುಸ್ತೈತೆ, ಆದ್ರೆ ನನ್ ಕಿವಿ ನಂಬಂಗಿಲ್ವಲ್ಲ."

ಬೇರಿಂಗೇ ಹೋಗಿತ್ತು. "ಸರಿಯಾಗೇ ಹೇಳ್ದೆ ಕಣಣ್ಣ" ಅಂದೆ.

"ಯಾವಾಗ್ಲೋ ಒಂದ್ಸಲ ಸರಿ ಆಯ್ತದೆ ಬುಡು" ಎಂದು ನಕ್ಕ. ನಾನು ಆಗಲೂ ಪಂಪಿನ ಮಾತು ಎತ್ತದೆ, ಹೊಸ ಬೇರಿಂಗು ಹಾಕಿ ಕಳಿಸಿದೆ.

ಭಾನುವಾರ ಅಕ್ಕೂರಿಗೆ ಹೋಗುತ್ತಿದ್ದೇನೆ. ಅವನೊಬ್ಬನಿಗೇ ಗುಟ್ಟಾಗಿ ಹೇಳಿದರೆ ಸಾಲದು, ಅವನ ಹೆಂಡತಿ ಮಕ್ಕಳ ಎದುರಿಗೇ ಹೇಳಬೇಕು. ಮೊದಲು ಇಲ್ಲಿ ಬರೆದಿದ್ದು ಅದಕ್ಕೇ — ಅಷ್ಟರೊಳಗೆ ನಾನು ಹಿಂದೆ ಸರಿದರೆ, ನಮ್ಮ ಗ್ಯಾರೇಜನ್ನು ಬಲ್ಲ ನೀವಾದರೂ ಅವನಿಗೆ ಹೇಳಿ.